ಆರ್ಲ್ಯಾಂಡೊದಲ್ಲಿ ಐದು ದಿನ, ಮಕ್ಕಳ ಕೊರಳಲ್ಲಿ ಎಂಟು ಪಿನ್ನು

ಹೊರಡುವ ಮುನ್ನ

ಪಿನ್ನು ಅಂದರೆ ಇಲ್ಲಿ ಗುಂಡುಪಿನ್ನೂ ಅಲ್ಲ, ಸೀರೆಯ ನೆರಿಗೆಗೆ ಚುಚ್ಚುವ ಪಿನ್ನೂ ಅಲ್ಲ. ಲೋಹದ ತಗಡಿನ ಮೇಲೆ ಅಚ್ಚೊತ್ತಿ, ಗುಳಿಗಳಿಗೆ ಎನಾಮೆಲ್ ಬಣ್ಣ ತುಂಬಿ, ಬೆನ್ನಿಗೆ ಸಣ್ಣ ಮೊಳೆ ಬೆಸೆದ ಪುಟ್ಟ ಚಿತ್ರ. ಕಿವಿಯೋಲೆಯ ಹಿಂದೆ ಬಿರಡೆ ಇರುವಂತೆ ಇದರ ಮೊಳೆಗೂ ಒಂದು ರಬ್ಬರ್ ಬಿರಡೆ. ಅಮೆರಿಕದ ಫ್ಲಾರಿಡಾದಲ್ಲಿ, ಆರ್ಲ್ಯಾಂಡೊ ಬಳಿ, ಹಲವು ಮನರಂಜನಾ ಪಾರ್ಕುಗಳಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1999ರ ಅಕ್ಟೋಬರಿನಲ್ಲಿ, ಹೊಸ ಸಹಸ್ರಮಾನದ ಸಂಭ್ರಮದ ಜೊತೆಗೆ, ಈ ಪಿನ್ನುಗಳ ಅದಲುಬದಲು ಶುರುವಾಯಿತು. ಅಲ್ಲಿ ಕೆಲಸ ಮಾಡುವವರನ್ನು ಕಾಸ್ಟ್ ಮೆಂಬರ್ ಎನ್ನುತ್ತಾರೆ. ಅವರಲ್ಲಿ ಹಲವರ ಕೊರಳಲ್ಲಿ, ಆಫೀಸಿನ ಐಡಿ ಕಾರ್ಡಿನ ಪಟ್ಟಿಯಂಥದ್ದೇ ಒಂದು ಲ್ಯಾನ್ಯಾರ್ಡ್ ತುಂಬ ಪಿನ್ನುಗಳಿರುತ್ತವೆ. ನಿಮ್ಮದೊಂದು ಕೊಟ್ಟು ಅವರದೊಂದು ತೆಗೆದುಕೊಳ್ಳಬಹುದು. ದುಡ್ಡಿನ ಮಾತಿಲ್ಲ.

ಗೋಲಿ, ಅಂಚೆಚೀಟಿ, ಬೆಂಕಿಪೊಟ್ಟಣದ ಲೇಬಲ್ ಅದಲುಬದಲು ಮಾಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ: ಅಲ್ಲಿ ಎದುರಿಗಿದ್ದದ್ದು ಪಕ್ಕದ ಬೀದಿಯ ಹುಡುಗ, ಇಲ್ಲಿ ಸಮವಸ್ತ್ರ ತೊಟ್ಟ ದೊಡ್ಡವರು. ಐದು ವರ್ಷದ ಮಗುವೂ ಅವರ ಎದುರು ನಿಂತು ತನಗೆ ಬೇಕಾದ್ದನ್ನು ತಾನೇ ಕೇಳಿ ಪಡೆಯಬೇಕು. ಈ ಆಟದ ಸತ್ವವೆಲ್ಲ ಇರುವುದು ಅಲ್ಲೇ. ಅಪ್ಪನೋ ಅಮ್ಮನೋ ಮುಂದೆ ಬಿದ್ದು ಮಾತಾಡಿದರೆ ಉಳಿಯುವುದು ಬರೀ ತಗಡು.

ಮನೆಯಲ್ಲಿ ಎಂಟು ವರ್ಷದ ಅಕ್ಕ, ಐದು ವರ್ಷದ ತಮ್ಮ ಇದ್ದಾರೆ ಎಂದಿಟ್ಟುಕೊಳ್ಳೋಣ. ಐದು ದಿನಕ್ಕೆ ಅಕ್ಕನಿಗೆ ಹನ್ನೆರಡು, ತಮ್ಮನಿಗೆ ಆರು ಪಿನ್ನು ಸಾಕು. ಇವು ಕೊಟ್ಟುಬಿಡಲೆಂದೇ ಇರುವ ಪಿನ್ನುಗಳು. ಇದಕ್ಕಿಂತ ಹೆಚ್ಚು ಕೊಟ್ಟರೆ ಮಕ್ಕಳು ಆರಿಸುವುದನ್ನೇ ಬಿಟ್ಟು, ಸಿಕ್ಕಿದ್ದಕ್ಕೆಲ್ಲ ಬದಲಾಯಿಸುತ್ತಾ ಹೋಗುತ್ತಾರೆ. ಡಿಸ್ನಿ ಅಂಗಡಿಗಳಲ್ಲಿ ಒಂದು ಸಾಮಾನ್ಯ ಪಿನ್ನಿಗೆ ಸುಮಾರು 10ರಿಂದ 20 ಡಾಲರ್ ಬೀಳುತ್ತದೆ. ಹದಿನೆಂಟನ್ನೂ ಬಿಡಿಬಿಡಿಯಾಗಿ ಕೊಂಡರೆ ಜೇಬು ಖಾಲಿ. ಹಾಗಾಗಿ ಲ್ಯಾನ್ಯಾರ್ಡ್ ಸಮೇತ ನಾಲ್ಕೈದು ಪಿನ್ನು ಬರುವ ಸ್ಟಾರ್ಟರ್ ಸೆಟ್ ಮಗುವಿಗೊಂದು ಕೊಳ್ಳಿ. ಉಳಿದದ್ದಕ್ಕೆ ಆರ್ಲ್ಯಾಂಡೊದ ಪ್ರೀಮಿಯಂ ಔಟ್‌ಲೆಟ್‌ಗಳಲ್ಲಿರುವ ಡಿಸ್ನಿ ಕ್ಯಾರೆಕ್ಟರ್ ವೇರ್‌ಹೌಸ್ ನೋಡಬಹುದು. ಪಾರ್ಕಿನಲ್ಲಿ ಮಾರಾಟವಾಗದೆ ಉಳಿದ ಅಸಲಿ ಮಾಲು ಅಲ್ಲಿಗೆ ಕಡಿಮೆ ಬೆಲೆಗೆ ಬರುತ್ತದೆ. ಪಿನ್ನು ಇದ್ದೇ ಇರುತ್ತವೆ ಎಂಬ ಖಾತ್ರಿಯಿಲ್ಲ. ಇದ್ದ ದಿನ ಅದೃಷ್ಟ.

ಅಂತರ್ಜಾಲದಲ್ಲಿ ನೂರು ಪಿನ್ನಿನ ಪೊಟ್ಟಣವನ್ನು ಒಂದಕ್ಕೆ ಒಂದು ಡಾಲರಿಗಿಂತಲೂ ಕಡಿಮೆ ದರದಲ್ಲಿ ಮಾರುತ್ತಾರೆ. ಇಲ್ಲೇ ಹೆಚ್ಚಿನವರು ಎಡವುವುದು. ಆ ಬೆಲೆಗೆ ಅಸಲಿ ಪಿನ್ನು ಬರುವುದಿಲ್ಲ. ಅವು ನಕಲಿ, ಇಲ್ಲವೇ ಕಾರ್ಖಾನೆಯಲ್ಲಿ ತಿರಸ್ಕಾರವಾಗಿ ಹಿಂಬಾಗಿಲಿಂದ ಹೊರಬಿದ್ದವು. ಸಂಗ್ರಾಹಕರು ಇವನ್ನು ಸ್ಕ್ರ್ಯಾಪರ್ ಎನ್ನುತ್ತಾರೆ. ಒಂದನ್ನು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಅಂಚಿನ ಮೇಲೆ ಉಗುರು ಎಳೆಯಿರಿ, ಗರಗಸದ ಹಾಗೆ ತರಿತರಿಯಾಗಿ ಸಿಗುತ್ತದೆ. ಬೆಳಕಿಗೆ ಓರೆಯಾಗಿ ಹಿಡಿಯಿರಿ, ಬಣ್ಣದಲ್ಲಿ ಸಣ್ಣ ಹೊಂಡಗಳು, ಎಲ್ಲೋ ಒಂದು ಕಡೆ ಗೆರೆ ದಾಟಿದ ಬಣ್ಣ, ಮಿಕ್ಕಿ ಮೌಸ್‌ನ ಕೈಗವುಸು ಬಿಳಿಯ ಬದಲು ಬೂದು. ತಿರುಗಿಸಿ ಬೆನ್ನು ನೋಡಿ: ಈಚಿನ ಹಲವು ಅಸಲಿ ಪಿನ್ನುಗಳ ಬೆನ್ನಿನಲ್ಲಿ ಪುಟ್ಟ ಮಿಕ್ಕಿ ತಲೆಗಳ ಜಾಲರಿ ಅಂಚಿನವರೆಗೂ ಹೋಗಿ ಅರ್ಧಕ್ಕೆ ಕತ್ತರಿಸಿದಂತೆ ನಿಲ್ಲುತ್ತದೆ. ನಕಲಿಯಲ್ಲಿ ಜಾಲರಿ ಮಸುಕು, ಸುತ್ತಲೂ ಖಾಲಿ ಅಂಚು. ಹಳೆಯ ಅಸಲಿ ಪಿನ್ನುಗಳಲ್ಲಿ ಜಾಲರಿಯೇ ಇಲ್ಲದಿರಬಹುದು. ಆದ್ದರಿಂದ ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ, ಎರಡು ಮೂರು ಸೇರಿದರೆ ಅನುಮಾನ ಪಡಿ.

ಹೊರಡುವ ವಾರ ಮನೆಯಲ್ಲಿ ಎರಡು ಸಂಜೆ ಅಭ್ಯಾಸ ಮಾಡಿಸಿ. ಅಜ್ಜಿಯ ಕೊರಳಿಗೆ ಲ್ಯಾನ್ಯಾರ್ಡ್ ಹಾಕಿ ಅವರನ್ನೇ ಕಾಸ್ಟ್ ಮೆಂಬರ್ ಮಾಡಿ. ಮಗು ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು ನೋಡಿ, ಬೇಕಾದ್ದನ್ನು ಮುಟ್ಟದೆ ತೋರಿಸಿ, ತನ್ನದನ್ನು ಕೊಡಬೇಕು. ಅಜ್ಜಿ ಒಮ್ಮೆ ಬೇಕೆಂದೇ "ಇದು ನನ್ನತ್ರ ಆಗಲೇ ಇದೆಯಲ್ಲ ಪುಟ್ಟಾ, ಬೇರೆ ಕೊಡು" ಅನ್ನಲಿ. ಅಲ್ಲಿ ಇಲ್ಲ ಎಂಬ ಮಾತು ಕೇಳಿ ಮುಖ ಸಣ್ಣ ಮಾಡುವುದಕ್ಕಿಂತ ಇಲ್ಲೇ ರೂಢಿಯಾಗುವುದು ವಾಸಿ.

ಮೂರು ವರ್ಷದೊಳಗಿನ ಕೂಸಿದ್ದರೆ ಅದರ ಕೈಗೆ ಪಿನ್ನಾಗಲಿ ಬಿರಡೆಯಾಗಲಿ ಸಿಗದಿರಲಿ. ಬಿರಡೆ ಬಾಯಿಗೆ ಹೋಗುವ ಗಾತ್ರದ್ದು. ಲ್ಯಾನ್ಯಾರ್ಡ್ ಕೊಳ್ಳುವಾಗ ಕತ್ತಿನ ಹಿಂದೆ ಎಳೆದರೆ ಬಿಚ್ಚಿಕೊಳ್ಳುವ ಕೊಂಡಿ ಇರುವುದನ್ನೇ ಆರಿಸಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕುತ್ತಿಗೆಗೆ ಉರುಳಾಗುವುದಿಲ್ಲ. ಬೆಂಗಳೂರಿನಿಂದ ಹೊರಡುವವರು ಪಿನ್ನುಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿಬಿಡಿ. ಕೈಚೀಲದಲ್ಲಿ ಲೋಹದ ಗಂಟು ಕಂಡರೆ ಬಿಚ್ಚಿ ತೋರಿಸು ಅನ್ನಬಹುದು, ಹಿಂದೆ ಸಾಲು ಬೆಳೆಯುತ್ತದೆ.

ಮೊದಲ ದಿನ: ಡಿಸ್ನಿ ಸ್ಪ್ರಿಂಗ್ಸ್

ಬಂದಿಳಿದ ದಿನ ಪಾರ್ಕಿನ ಟಿಕೆಟ್ ಹಾಳು ಮಾಡಬೇಡಿ. ಸಂಜೆ ಡಿಸ್ನಿ ಸ್ಪ್ರಿಂಗ್ಸ್‌ಗೆ ಹೋಗಿ. ಕೆರೆದಂಡೆಯ ಅಂಗಡಿಬೀದಿ ಅದು. ಒಳಗೆ ಹೋಗಲು ಟಿಕೆಟ್ ಇಲ್ಲ, ಕಾರು ನಿಲ್ಲಿಸಲು ದುಡ್ಡಿಲ್ಲ. ಅದರ ಮಾರ್ಕೆಟ್‌ಪ್ಲೇಸ್ ಭಾಗದಲ್ಲಿ ಪಿನ್ ಟ್ರೇಡರ್ಸ್ ಎಂಬ ಅಂಗಡಿ ಇದೆ, ಪೂರಾ ಪಿನ್ನುಗಳದ್ದೇ.

ಇಲ್ಲಿ ಮಕ್ಕಳಿಗೆ ತಲೆ ತಿರುಗುತ್ತದೆ, ದೊಡ್ಡವರಿಗೆ ಬಿಲ್ ನೋಡಿ ತಿರುಗುತ್ತದೆ. ಒಳಗೆ ಕಾಲಿಡುವ ಮೊದಲೇ ಕರಾರು ಆಗಿರಲಿ: ತಲಾ ಒಂದು, ಯಾರಿಗೂ ಕೊಡದ ಪಿನ್ನು. ಅದು "ಇಟ್ಟುಕೊಳ್ಳೋದು". ಉಳಿದದ್ದೆಲ್ಲ "ಕೊಡೋದು". ಈ ಎರಡು ಮಾತು ಐದು ದಿನವೂ ಬೇಕಾಗುತ್ತವೆ. ಚೀಟಿಯಲ್ಲಿರುವ ಬೆಲೆಯ ಮೇಲೆ ಮಾರಾಟ ತೆರಿಗೆ ಬೇರೆ ಬೀಳುತ್ತದೆ. ಮಗುವಿಗೆ 15 ಡಾಲರ್ ಕೈಗೆ ಕೊಟ್ಟು ಕಳಿಸಿದರೆ 14.99ರ ಪಿನ್ನು ಬರುವುದಿಲ್ಲ, ಕೌಂಟರಿನಲ್ಲಿ ಅಳು ಬರುತ್ತದೆ.

ಪಿನ್ನಿನ ಬೆನ್ನಲ್ಲಿರುವ ಬರಹ ಓದುವುದನ್ನು ಇಲ್ಲೇ ಕಲಿಸಿ. ಎಷ್ಟು ಬೇಕಾದರೂ ಮತ್ತೆ ಮತ್ತೆ ಮಾಡುವುದು ಓಪನ್ ಎಡಿಷನ್. ಇಂತಿಷ್ಟೇ ಎಂದು ಎಣಿಸಿ ಮಾಡುವುದು ಲಿಮಿಟೆಡ್ ಎಡಿಷನ್. ಎಷ್ಟು ಮಾಡಿದ್ದಾರೆ ಎಂಬ ಸಂಖ್ಯೆ ಅದರ ಬೆನ್ನ ಮೇಲೆಯೇ ಇರುತ್ತದೆ. ಎರಡನೆಯದನ್ನು ಮಕ್ಕಳ ಲ್ಯಾನ್ಯಾರ್ಡಿಗೆ ಹಾಕಲೇಬೇಡಿ. ಅದನ್ನು ಕಂಡು ದೊಡ್ಡ ಸಂಗ್ರಾಹಕರು ಹತ್ತಿರ ಬರುತ್ತಾರೆ, ಮಗು ಫಳಫಳ ಹೊಳೆಯುವ ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ. ಮಗುವಿಗೆ ಬೇಸರವೇನೂ ಆಗುವುದಿಲ್ಲ ಅನ್ನಿ. ರಾತ್ರಿಯೆಲ್ಲ ಹೊರಳಾಡುವವರು ಅಪ್ಪ.

ಒಳಗೇನಿದೆ ಎಂದು ತೋರಿಸದ ಮಿಸ್ಟರಿ ಪೊಟ್ಟಣಗಳೂ ಸಿಗುತ್ತವೆ. ಒಂದು ಸರಣಿಯ ಪಿನ್ನುಗಳಲ್ಲಿ ಯಾವುದೋ ಎರಡೋ ಐದೋ ಬರುತ್ತವೆ. ಬಿಡಿ ಪಿನ್ನಿಗಿಂತ ಲೆಕ್ಕದಲ್ಲಿ ಅಗ್ಗ. ಒಂದೇ ಪಿನ್ನು ಎರಡು ಸಲ ಬಂದರೆ "ಕೊಡೋದಕ್ಕೆ" ಆಯಿತು. ಒಂದು ಪೊಟ್ಟಣ ಸರಿ. ಬೇಕಾದ್ದು ಬರಲಿಲ್ಲವೆಂದು ಎರಡನೆಯದು ಬಿಚ್ಚಿದಿರೋ, ಅದು ಲಾಟರಿ. ಅಲ್ಲಿಗೆ ನಿಲ್ಲಿಸಿ.

ಹೊರಡುವ ಮುನ್ನ ಲಾಕಿಂಗ್ ಬ್ಯಾಕ್ ಎಂಬ ಲೋಹದ ಬಿರಡೆಗಳ ಒಂದು ಪೊಟ್ಟಣ ಕೊಳ್ಳಿ. ಓಲೆಯ ತಿರುಪಿನ ಹಾಗೆ, ಪುಟ್ಟ ಕೀಲಿಯಿಂದ ಬಿಗಿ ಮಾಡುವಂಥದ್ದು. ಇಟ್ಟುಕೊಳ್ಳುವ ಪಿನ್ನಿಗೆ ಮಾತ್ರ ಇದು. ಕೊಡುವ ಪಿನ್ನಿಗೆ ಹಾಕಿದರೆ ಪ್ರತಿ ಸಲವೂ ಕೀಲಿ ಹುಡುಕುತ್ತಾ ನಿಲ್ಲಬೇಕಾಗುತ್ತದೆ.

ಎರಡನೇ ದಿನ: ಮ್ಯಾಜಿಕ್ ಕಿಂಗ್‌ಡಮ್

1971ರ ಅಕ್ಟೋಬರ್ 1ರಂದು ತೆರೆದ ಮೊದಲ ಪಾರ್ಕು. ಕಾರು ನಿಲ್ಲಿಸುವ ಜಾಗದಿಂದ ಬಾಗಿಲಿಗೆ ಹೋಗಲು ಕೆರೆಯನ್ನು ಬಳಸಿ ಹೋಗುವ ಮಾನೊರೈಲೋ, ಕೆರೆ ದಾಟುವ ದೋಣಿಯೋ ಬೇಕು. ಆ ಹೊತ್ತಿನಲ್ಲಿ ಲ್ಯಾನ್ಯಾರ್ಡ್ ಸಿದ್ಧ ಮಾಡಿ. ಒಂದು ಕೊರಳಿಗೆ ಎಂಟು ಪಿನ್ನು, ಅದಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ತೂಗಿದರೆ ಮಧ್ಯಾಹ್ನದ ಹೊತ್ತಿಗೆ ಆ ಭಾರ ಅಮ್ಮನ ಕೊರಳಿಗೆ ಬಂದಿರುತ್ತದೆ. ಉಳಿದವು ಜಿಪ್ ಇರುವ ಚೀಲದಲ್ಲಿ, ಅಕ್ಕನದು ಒಂದು ತಮ್ಮನದು ಒಂದು. ಬಿರಡೆಯ ಮೇಲೆ ನೇಲ್ ಪಾಲಿಷಿನ ಚುಕ್ಕೆ ಇಟ್ಟರೆ "ಇದು ನಂದು" ಜಗಳ ಅರ್ಧ ಕಡಿಮೆ. ಆದರೆ ಕೊಡುವ ಪಿನ್ನಿನ ಮೈಮೇಲೆ ಇಡಬೇಡಿ.

ಒಳಗೆ ಹೋದ ತಕ್ಷಣ ಎಡಕ್ಕೆ ಸಿಟಿ ಹಾಲ್. "ಮೊದಲ ಭೇಟಿ", "ಹುಟ್ಟುಹಬ್ಬ" ಎಂದೆಲ್ಲ ಬರೆದ ದುಂಡು ಬಿಲ್ಲೆಗಳನ್ನು ಕೇಳಿದವರಿಗೆ ಬಿಟ್ಟಿಯಾಗಿ ಕೊಡುತ್ತಾರೆ. ಇವು ಅದಲುಬದಲಿಗೆ ಬರುವುದಿಲ್ಲ. ಆದರೆ ಐದು ವರ್ಷದವನು ಅಪರಿಚಿತರ ಎದುರು ಬಾಯಿ ಬಿಡಲು ಇದಕ್ಕಿಂತ ಸುಲಭದ ಮೊದಲ ಮೆಟ್ಟಿಲಿಲ್ಲ. ಕೇಳಿದ, ಸಿಕ್ಕಿತು. ಮುಂದಿನದಕ್ಕೆ ಧೈರ್ಯ ತಾನಾಗಿ ಬರುತ್ತದೆ.

ಮೊದಲ ಅದಲುಬದಲನ್ನು ರೈಡಿನ ಬಾಗಿಲಲ್ಲಿ ಮಾಡಿಸಬೇಡಿ. ಅಲ್ಲಿರುವವರ ಕಣ್ಣು ಗಾಡಿ, ಸರಪಳಿ, ಸೀಟಿನ ಮೇಲಿರಬೇಕು. ಜನ ಕಡಿಮೆ ಇರುವ ಅಂಗಡಿಯೊಳಗೆ, ಬೆಳಗಿನ ಮೊದಲ ಗಂಟೆಯಲ್ಲಿ, ಲ್ಯಾನ್ಯಾರ್ಡ್ ಹಾಕಿಕೊಂಡ ಕಾಸ್ಟ್ ಮೆಂಬರ್ ಒಬ್ಬರನ್ನು ಆರಿಸಿ. ಕೆಲವು ಅಂಗಡಿಗಳಲ್ಲಿ ಕೊರಳಿನ ಬದಲು ಹಲಗೆಯ ಮೇಲೆ ಪಿನ್ನು ಚುಚ್ಚಿಟ್ಟಿರುತ್ತಾರೆ. ಕಾಣದಿದ್ದರೆ ಕೇಳಿ, ಕೌಂಟರಿನ ಹಿಂದಿನಿಂದ ಹೊರಗೆ ಬರುವುದೂ ಉಂಟು.

ಈಗ ಆ ಒಂದು ನಿಮಿಷ. ಮಗು ಹೋಗಿ "ಮೇ ಐ ಸೀ ಯುವರ್ ಪಿನ್ಸ್ ಪ್ಲೀಸ್" ಅನ್ನಬೇಕು. ನೀವು ಎರಡು ಹೆಜ್ಜೆ ಹಿಂದೆ. ಕಾಸ್ಟ್ ಮೆಂಬರ್ ಬಹಳ ಸಲ ಮಂಡಿಯೂರಿ ಕೂರುತ್ತಾರೆ, ಲ್ಯಾನ್ಯಾರ್ಡ್ ಮಗುವಿನ ಕಣ್ಣಿನ ಎತ್ತರಕ್ಕೆ ಬರುತ್ತದೆ. ಮುಟ್ಟುವಂತಿಲ್ಲ, ಬೆರಳು ತೋರಿಸಬಹುದು. ಮಗು ತನ್ನ ಪಿನ್ನನ್ನು ಬಿರಡೆ ಸಮೇತ ಕೊಡಬೇಕು, ಬರೀ ಮೊಳೆ ಚಾಚಿದರೆ ಎದುರಿನವರ ಅಂಗೈಗೆ ಚುಚ್ಚುತ್ತದೆ. ಸಣ್ಣ ಬೆರಳುಗಳಿಗೆ ಕಷ್ಟದ ಭಾಗವೇ ಇದು: ಲ್ಯಾನ್ಯಾರ್ಡಿನಿಂದ ಬಿಡಿಸುವಾಗ ಬಿರಡೆ ಪುಟಿದು ಕೌಂಟರಿನ ಕೆಳಗೆ ಉರುಳುತ್ತದೆ. ಅದಕ್ಕೇ ಕೊಡಬೇಕಾದ ಪಿನ್ನನ್ನು ಮೊದಲೇ ಬಿಡಿಸಿ, ಬಿರಡೆ ಹಾಕಿ, ಮುಷ್ಟಿಯಲ್ಲಿಟ್ಟುಕೊಂಡು ಹೋಗಲಿ. ಜೇಬಿನಲ್ಲಿ ಹತ್ತು ಬಿರಡೆ ಹೆಚ್ಚಿಗೆ ಇರಲಿ.

ಕಟ್ಟಳೆಗಳು ಹೆಚ್ಚಿಲ್ಲ, ಇರುವವು ಗಟ್ಟಿ. ಕೊಡುವ ಪಿನ್ನು ಲೋಹದ್ದಾಗಿರಬೇಕು, ಬೆನ್ನ ಮೇಲೆ ಡಿಸ್ನಿಯ ಹಕ್ಕುಸ್ವಾಮ್ಯದ ಗುರುತು ಇರಬೇಕು. ಹೆಸರು ಕೊರೆದ ಪಿನ್ನು ನಡೆಯದು. ಅವರ ಬಳಿ ಆಗಲೇ ಇರುವಂಥದ್ದನ್ನು ಕೊಡುವಂತಿಲ್ಲ. ಒಂದಕ್ಕೆ ಒಂದು, ಒಬ್ಬ ಕಾಸ್ಟ್ ಮೆಂಬರ್ ಹತ್ತಿರ ದಿನಕ್ಕೆ ಎರಡೇ. ಇಷ್ಟು ಸರಿಯಿದ್ದರೆ, ಅವರ ಕೊರಳಲ್ಲಿರುವ ಯಾವ ಪಿನ್ನನ್ನಾದರೂ ಕೇಳಬಹುದು. ಅಪರೂಪದ್ದು ಎಂದು ಅವರು ಹಿಡಿದಿಟ್ಟುಕೊಳ್ಳುವುದಿಲ್ಲ. ಮಗುವಿಗೆ ಈ ಒಂದು ಸಂಗತಿ ಮನದಟ್ಟಾದ ಗಳಿಗೆಯಲ್ಲಿ ಅದರ ನಿಲುವೇ ಬದಲಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ.

ಕೈಗೆ ಬಂದದ್ದನ್ನು ಬೇಡ ಎಂದು ವಾಪಸು ಕೊಡುವುದು ಪದ್ಧತಿಯಲ್ಲ. ತಮ್ಮ ಹತ್ತೇ ನಿಮಿಷದಲ್ಲಿ "ನನ್ನ ಹಳೇದೇ ಬೇಕು" ಅನ್ನುತ್ತಾನೆ. ಅದಕ್ಕೆ ಇರುವ ಉಪಾಯ ಇಷ್ಟೇ: ಹೊಸದನ್ನು ಇನ್ನೊಬ್ಬರ ಹತ್ತಿರ ಮತ್ತೊಂದಕ್ಕೆ ಬದಲಾಯಿಸಬಹುದು, ಹಳೆಯದು ಹೋಯಿತು. ಒಂದು ಸಲ ಅತ್ತರೆ ಎರಡನೇ ಸಲ ನೋಡಿ ಆರಿಸುತ್ತಾನೆ.

ರೈಡುಗಳಿಗೆ ಹತ್ತುವ ಮೊದಲು ಲ್ಯಾನ್ಯಾರ್ಡ್ ತೆಗೆದು ಜಿಪ್ ಜೇಬಿಗೆ. ಕತ್ತಲಲ್ಲಿ ಓಡುವ ಸ್ಪೇಸ್ ಮೌಂಟನ್‌ನಲ್ಲಿ ಬಿದ್ದ ಪಿನ್ನನ್ನು ಕೆಳಗಿಳಿದು ಹುಡುಕುವ ಹಾಗಿಲ್ಲ. 2023ರಲ್ಲಿ ತೆರೆದ ಟ್ರಾನ್‌ನಲ್ಲಿ ಬೈಕಿನ ಮೇಲೆ ಮುಂದಕ್ಕೆ ಬಾಗಿ ಕೂರಬೇಕು. ಎದೆಯ ಮೇಲಿನ ಪಿನ್ನು ನೇರ ಎದೆಗೇ ಒತ್ತುತ್ತದೆ. ಅಲ್ಲಿ ಬಿಟ್ಟಿ ಲಾಕರ್‌ಗಳಿವೆ, ಬಳಸಿ.

ರಾತ್ರಿ ಕೋಣೆಯಲ್ಲಿ ಹಾಸಿಗೆಯ ಮೇಲೆ ಟವೆಲ್ ಹಾಸಿ ಎಣಿಸಿ. ಒಂದೊಂದು ಬಿರಡೆಯನ್ನೂ ಎಳೆದು ನೋಡಿ, ಸಡಿಲವಾದದ್ದು ಕಸದ ಬುಟ್ಟಿಗೆ. ಪಿನ್ನು ಕಳೆಯುವುದು ಕಳ್ಳತನದಿಂದಲ್ಲ, ಹಳಸಿದ ರಬ್ಬರಿನಿಂದ.

ಮೂರನೇ ದಿನ: ಎಪ್ಕಾಟ್

ಪಿನ್ನಿನ ಮಟ್ಟಿಗೆ ಐದು ದಿನದಲ್ಲಿ ಇದೇ ದೊಡ್ಡ ದಿನ. 1982ರಲ್ಲಿ ತೆರೆದ ಈ ಪಾರ್ಕಿನ ಹಿಂಭಾಗದಲ್ಲಿ ವರ್ಲ್ಡ್ ಶೋಕೇಸ್: ಒಂದು ಕೆರೆ, ಸುತ್ತ ಹನ್ನೊಂದು ದೇಶಗಳ ಮಾದರಿ ಬೀದಿ. ಮೆಕ್ಸಿಕೊ, ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕೊ, ಫ್ರಾನ್ಸ್, ಬ್ರಿಟನ್, ಕೆನಡಾ. ಇಂಡಿಯಾ ಎಲ್ಲಿ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಇಲ್ಲ. ಸುತ್ತು ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮಕ್ಕಳ ಕಾಲಿಗೆ ನಾಲ್ಕೈದು ಗಂಟೆ. ಈ ಭಾಗ ತೆರೆಯುವುದೇ ಬೆಳಿಗ್ಗೆ 11ಕ್ಕೆ, ಅಷ್ಟರೊಳಗೆ ಮುಂಭಾಗದ ರೈಡುಗಳನ್ನು ಮುಗಿಸಿಕೊಳ್ಳಿ.

ಡಿಸ್ನಿಯ ಕಾಸ್ಟ್ ಮೆಂಬರ್‌ಗಳ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಊರಿನ ಹೆಸರೂ ಇರುತ್ತದೆ. ವರ್ಲ್ಡ್ ಶೋಕೇಸ್‌ನ ಬೀದಿಗಳಲ್ಲಿ ಆಯಾ ದೇಶದಿಂದಲೇ ಬಂದು ಕೆಲಸ ಮಾಡುವ ಯುವಕ ಯುವತಿಯರು ಬಹಳ. ನಾರ್ವೆಯ ಅಂಗಡಿಯಲ್ಲಿ ಬರ್ಗನ್ ಊರಿನವರು ಇದ್ದಾರು, ಫ್ರಾನ್ಸಿನಲ್ಲಿ ಲಿಯೋನಿನವರು. ಪಿನ್ನು ಕೇಳುವ ಮೊದಲು ಮಗು ಆ ಊರಿನ ಹೆಸರು ಓದಿ, ಸರಿಯಾಗಿ ಹೇಗೆ ಅನ್ನುವುದೆಂದು ಕೇಳಲಿ. ಪಿನ್ನಿಗೆ ಬೇಕಾದದ್ದು ಅರ್ಧ ನಿಮಿಷ, ಮಾತು ಐದು ನಿಮಿಷ ನಡೆಯುತ್ತದೆ. ಸಾಲು ಕಾಯುತ್ತಿದ್ದರೆ ಮಾತ್ರ ಮುಂದುವರಿಯಿರಿ.

ಈ ದಿನಕ್ಕೊಂದು ನೋಟ್‌ಬುಕ್ಕು ಬೇಕು, ಅಂಗೈಯಗಲದ್ದು. ಅಕ್ಕ ಬರೆಯಲಿ: ಯಾವ ಪಿನ್ನು ಕೊಟ್ಟೆ, ಯಾವುದು ಬಂತು, ಕೊಟ್ಟವರ ಊರು ಯಾವುದು. ತಮ್ಮ ಚಿತ್ರ ಬರೆಯಲಿ. ಮಿಕ್ಕಿಯ ತಲೆ ಅಂದರೆ ಮೂರು ವೃತ್ತ, ಅವನಿಗೂ ಬರುತ್ತದೆ. ಆರು ತಿಂಗಳಾದ ಮೇಲೆ ಪಿನ್ನು ಎಲ್ಲಿಂದ ಬಂತೆಂದು ಯಾರಿಗೂ ನೆನಪಿರುವುದಿಲ್ಲ. ಪುಟದಲ್ಲಿ ಇರುತ್ತದೆ.

ಹುಡುಕುವುದಕ್ಕೆ ಮಕ್ಕಳಿಗೊಂದು ಗುರಿ ಕೊಡಬೇಕು. ಅತ್ಯುತ್ತಮ ಗುರಿ ಹಿಡನ್ ಮಿಕ್ಕಿ ಪಿನ್ನು. ಇದರ ಮುಖದ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಿ ಬಣ್ಣದ ಮಿಕ್ಕಿ ತಲೆ ಇರುತ್ತದೆ. ಮಗುವಿನ ಕಣ್ಣಿಗೆ ನಮಗಿಂತ ಬೇಗ ಬೀಳುತ್ತದೆ. ಈ ಪಿನ್ನುಗಳನ್ನು ಅಂಗಡಿಯಲ್ಲಿ ಮಾರುವುದಿಲ್ಲ. ಕಾಸ್ಟ್ ಮೆಂಬರ್‌ಗಳ ಮೂಲಕವೇ ಹೊರಗೆ ಬರುತ್ತವೆ, ಬದಲಾಯಿಸಿಯೇ ಪಡೆಯಬೇಕು. ಸರಣಿಯಲ್ಲಿ ಇದು ಎಷ್ಟನೆಯದೆಂದು ಬೆನ್ನ ಮೇಲೆ ಬರೆದಿರುತ್ತದೆ. ಐದರಲ್ಲಿ ಎರಡನೆಯದು ಸಿಕ್ಕಿತೋ, ಉಳಿದ ನಾಲ್ಕಕ್ಕೆ ಹುಡುಕಾಟ ತಾನೇ ಶುರು. ಎರಡು ಸರಣಿಯ ಬೆನ್ನು ಹತ್ತಿದರೆ ಕೈಗೆ ಒಂದೂ ಹತ್ತುವುದಿಲ್ಲ. ಪ್ರವಾಸಕ್ಕೆ ಒಂದೇ ಸರಣಿ ಸಾಕು. ನಕಲಿ ಮಾಡುವವರಿಗೂ ಇವೇ ಪ್ರೀತಿ, ಹಾಗಾಗಿ ಅಂಚು, ಬಣ್ಣ, ಬೆನ್ನು ಮೂರನ್ನೂ ನೋಡುವುದು ಮರೆಯಬೇಡಿ.

ನೋಡಿಯೂ ನಕಲಿ ಬಂದರೆ? ಬರುತ್ತದೆ. ಅಂತರ್ಜಾಲದ ಅಗ್ಗದ ಪೊಟ್ಟಣಗಳೆಲ್ಲ ಕೊನೆಗೆ ಬಂದು ಸೇರುವುದು ಇದೇ ಹಲಗೆಗಳಿಗೆ. ಪ್ರತಿಯೊಂದನ್ನೂ ಪರೀಕ್ಷಿಸುತ್ತಾ ಕೂರುವುದು ಕಾಸ್ಟ್ ಮೆಂಬರ್‌ಗಳಿಗೆ ಸಾಧ್ಯವಿಲ್ಲ. ಮಗುವಿಗೆ ಚಿತ್ರ ಇಷ್ಟವಾಗಿದ್ದರೆ ಇಟ್ಟುಕೊಳ್ಳಲಿ, ಅದರ ಮಟ್ಟಿಗೆ ಅದೂ ಮಿಕ್ಕಿಯೇ. ಮತ್ತೊಂದು ಮಗುವಿನ ಕೈಗೆ ದಾಟಿಸುವುದು ಮಾತ್ರ ಸಲ್ಲ. "ಅವರು ನಮಗೆ ಕೊಟ್ಟರಲ್ಲ" ಎಂಬ ವಾದ ಅಕ್ಕನಿಂದ ಬರುತ್ತದೆ, ಸಿದ್ಧರಾಗಿರಿ.

ಬೇರೆ ಪ್ರವಾಸಿಗರ ಜೊತೆಗೂ ಅದಲುಬದಲು ಮಾಡಬಹುದು, ಅಲ್ಲಿ ಚೌಕಾಸಿ ಇದೆ. ಪುಟ ಪುಟ ಪಿನ್ನು ಚುಚ್ಚಿದ ದೊಡ್ಡ ಆಲ್ಬಮ್ ಹಿಡಿದ ಹವ್ಯಾಸಿಗಳು ಸಿಗುತ್ತಾರೆ. ಬಹುಪಾಲು ಮಕ್ಕಳ ಬಗ್ಗೆ ಉದಾರಿಗಳು, ಕೆಲವರು ಅಲ್ಲ. ಇಲ್ಲಿ ಮಾತ್ರ ದೊಡ್ಡವರು ಮಗುವಿನ ಪಕ್ಕಕ್ಕೆ ಬಂದು ನಿಲ್ಲಬೇಕು. ಅವರು ಎರಡು ಕೇಳಿ ಒಂದು ಕೊಡುತ್ತೇನೆ ಅಂದರೆ, "ಯೋಚಿಸಿ ಹೇಳ್ತೀವಿ" ಎಂದು ಮಗುವಿನ ಜೊತೆ ಹತ್ತು ಹೆಜ್ಜೆ ಆಚೆ ಹೋಗಿ ಕನ್ನಡದಲ್ಲಿ ಮಾತಾಡಿ. ಪರದೇಶದಲ್ಲಿ ನಮಗಿರುವ ದೊಡ್ಡ ಅನುಕೂಲ ಅದು.

ಜರ್ಮನಿಯ ಪಕ್ಕದಲ್ಲಿ ಪುಟ್ಟ ಊರಿನ ನಡುವೆ ಓಡುವ ಆಟಿಕೆ ರೈಲಿದೆ. ತಮ್ಮ ಅಲ್ಲಿಂದ ಕದಲುವುದಿಲ್ಲ. ಅಕ್ಕನಿಗೆ ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಒಂದು ಅದಲುಬದಲು. ಜಪಾನಿನ ದೊಡ್ಡ ಅಂಗಡಿ ಮಿತ್ಸುಕೋಶಿ ಎಂಬ ಜಪಾನೀ ಕಂಪನಿಯದು. ಅಂಥ ಕಡೆ ಕೊರಳಲ್ಲಿ ಪಿನ್ನು ಕಂಡರೆ ಮಾತ್ರ ಕೇಳಿ, ಕಾಣದಿದ್ದರೆ ಸುಮ್ಮನಿರಿ. ವರ್ಷದ ಬಹುಪಾಲು ಎಪ್ಕಾಟ್‌ನಲ್ಲಿ ಒಂದಲ್ಲ ಒಂದು ಉತ್ಸವ ನಡೆಯುತ್ತಿರುತ್ತದೆ: ಕಲೆ, ಹೂದೋಟ, ಊಟ. ಆಯಾ ವರ್ಷದ ಇಸವಿ ಇರುವ ಉತ್ಸವದ ಪಿನ್ನು, "ಇಟ್ಟುಕೊಳ್ಳೋದಕ್ಕೆ" ಚೆನ್ನಾದ ಆಯ್ಕೆ.

ನಾಲ್ಕನೇ ದಿನ: ಅನಿಮಲ್ ಕಿಂಗ್‌ಡಮ್

ಇಲ್ಲಿ ಪಿನ್ನಿಗಿಂತ ಪ್ರಾಣಿ ದೊಡ್ಡದು, ಇಂದು ತಲಾ ಎರಡೇ ಅದಲುಬದಲು ಎಂದು ಮೊದಲೇ ಹೇಳಿಬಿಡಿ. ಸಫಾರಿಯ ಗಾಡಿಯಲ್ಲಿ ಲ್ಯಾನ್ಯಾರ್ಡ್ ಅಂಗಿಯೊಳಗೆ ಹೋಗಲಿ. ಪ್ರಾಣಿಗಳಿರುವ ಜಾಗಕ್ಕೆ ಲೋಹದ ಚೂರು ಬೀಳಬಾರದು. ಏಷ್ಯಾ ಭಾಗದಲ್ಲಿ ಡಿಸ್ನಿಯವರು ಕಟ್ಟಿಕೊಂಡ ಕಲ್ಪನೆಯ ನಾಡಿಗೆ ಆನಂದಪುರ ಎಂದು ಹೆಸರು. ಸಾಗರ ತಾಲ್ಲೂಕಿನ ಆನಂದಪುರ ಬಲ್ಲವರು ಅಲ್ಲಿನ ಬೋರ್ಡಿನ ಮುಂದೆ ಒಂದು ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋಗಲಾರರು. ಅಲ್ಲೇ ಪಕ್ಕದ ಕಾಲಿ ರಿವರ್ ರ‍್ಯಾಪಿಡ್ಸ್ ದೋಣಿ ಮೈಯೆಲ್ಲ ತೋಯಿಸುತ್ತದೆ. ಪಿನ್ನು ಅಂಟಿಸಿ ಬರುವ ರಟ್ಟಿನ ಕಾರ್ಡು ನೀರು ಕುಡಿದರೆ ಮುಗಿಯಿತು, ಮೊಳೆಯ ಬುಡದಲ್ಲಿ ತೇವ ಉಳಿದರೆ ಕಲೆ ಬೀಳುತ್ತದೆ. ಬೇಸಿಗೆಯಲ್ಲಿ ಫ್ಲಾರಿಡಾದ ಮಧ್ಯಾಹ್ನದ ಗುಡುಗುಮಳೆಯೂ ಅಷ್ಟೇ, ಕೇಳಿಕೊಂಡು ಬರುವುದಿಲ್ಲ. ಜಿಪ್‌ಲಾಕ್ ಚೀಲ ಎರಡು ಇರಲಿ. ನೆನೆದ ಪಿನ್ನನ್ನು ಬಿರಡೆ ತೆಗೆದು ಒರೆಸಿ, ರಾತ್ರಿಯಿಡೀ ಬಿಚ್ಚಿಯೇ ಇಡಿ.

ಡಿಸ್ನಿಯದೇ ಇನ್ನೊಂದು ಪಾರ್ಕಾದ ಹಾಲಿವುಡ್ ಸ್ಟುಡಿಯೋಸ್‌ಗೂ ಹೋಗುವವರು ಇದ್ದಾರೆ. ಅಲ್ಲಿ ರೈಡಿನ ಸಾಲುಗಳೇ ಉದ್ದ, ಪಿನ್ನಿಗೆ ಬೇಕಾದ ವ್ಯವಧಾನ ಕಡಿಮೆ. ನಾಲ್ಕನೇ ದಿನಕ್ಕೆ ಮಕ್ಕಳೂ ದಣಿದಿರುತ್ತಾರೆ. ಅದರ ಬದಲು ಸಂಜೆ ಯಾವುದಾದರೂ ಡಿಸ್ನಿ ಹೋಟೆಲಿನ ಅಂಗಡಿಗೆ ಹೋಗಿ ನೋಡಿ. ಪಾರ್ಕಿನ ಟಿಕೆಟ್ ಬೇಡ, ನೂಕುನುಗ್ಗಲು ಇಲ್ಲ, ಪಿನ್ನಿನ ಹಲಗೆ ಇದ್ದರೆ ಮಗು ನಿಧಾನವಾಗಿ ನೋಡಬಹುದು.

ಐದನೇ ದಿನ: ಕೆನಡಿ ಸ್ಪೇಸ್ ಸೆಂಟರ್

ಇದು ಡಿಸ್ನಿಯದಲ್ಲ, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ್ದು. ಆರ್ಲ್ಯಾಂಡೊದಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ. ನಿಜವಾಗಿ ಬಾಹ್ಯಾಕಾಶಕ್ಕೆ ಹೋಗಿಬಂದ ಅಟ್ಲಾಂಟಿಸ್ ಷಟಲ್ ಅಲ್ಲಿದೆ. ಬಸ್ಸಿನಲ್ಲಿ ಹೋದರೆ ಸ್ಯಾಟರ್ನ್ 5 ರಾಕೆಟ್ ಕೂಡ. ಪಿನ್ನಿನ ಅಂಗಡಿಯಲ್ಲಿ ಒಂದೊಂದು ಯಾನಕ್ಕೂ ಅದರದೇ ಲಾಂಛನ. ಅಕ್ಕನಿಗೆ ಅಪೊಲೊ 11 ಬೇಕು, ಅದರಲ್ಲಿ ಹದ್ದು ಆಲಿವ್ ಕೊಂಬೆ ಹಿಡಿದು ಚಂದ್ರನ ಮೇಲೆ ಇಳಿಯುತ್ತದೆ. ಕೊಳ್ಳಿ. ಆದರೆ ಇದನ್ನು ಡಿಸ್ನಿಯವರ ಹತ್ತಿರ ಬದಲಾಯಿಸಲು ಬರುವುದಿಲ್ಲ ಎಂದು ಕೊಳ್ಳುವ ಮೊದಲೇ ಹೇಳಿ. ಈ ಕಾರಣಕ್ಕೇ ಈ ದಿನವನ್ನು ಕೊನೆಗೆ ಇಟ್ಟದ್ದು. ಮೊದಲ ದಿನವೇ ಇಲ್ಲಿಗೆ ಬಂದು ಆರು ಪಿನ್ನು ಕೊಂಡವರು, ಮರುದಿನ ಅವು ಎಲ್ಲೂ ನಡೆಯವು ಎಂದು ಪೆಚ್ಚಾಗುತ್ತಾರೆ.

ದುಡ್ಡಿಗೆ ಸಿಗದ ಬಿಲ್ಲೆಯೊಂದು ಇದೇ ಕರಾವಳಿಯಲ್ಲಿದೆ. ಕೆನವೆರಲ್ ನ್ಯಾಷನಲ್ ಸೀಷೋರ್ ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್‌ಗೆ ಸೇರಿದ್ದು. ಅವರ ಜಾಗಗಳಲ್ಲಿ ಮಕ್ಕಳಿಗೆ ಜೂನಿಯರ್ ರೇಂಜರ್ ಎಂಬ ಕಿರುಪುಸ್ತಕ ಕೊಡುತ್ತಾರೆ. ಹಕ್ಕಿ ನೋಡಿ, ಗಿಡ ಗುರುತಿಸಿ, ಪುಟ ತುಂಬಿಸಿ ತಂದರೆ ರೇಂಜರ್ ಎದುರು ಬಲಗೈ ಎತ್ತಿ ಪ್ರಮಾಣ ಮಾಡಿಸಿ ಬಿಲ್ಲೆ ಕೊಡುತ್ತಾರೆ. ಅದನ್ನು ಯಾವ ಮಗುವೂ ಅದಲುಬದಲಿಗೆ ಇಡುವುದಿಲ್ಲ. ರಾಕೆಟ್ ಹಾರುವ ದಿನ ಕಡಲತೀರದ ಒಂದು ಭಾಗ ಮುಚ್ಚಿರಬಹುದು, ಮೊದಲೇ ವಿಚಾರಿಸಿ.

ಮನೆಗೆ ಬಂದ ಮೇಲೆ

"ಇಟ್ಟುಕೊಳ್ಳೋದು" ಬಿಟ್ಟು ಉಳಿದದ್ದನ್ನು ತಮ್ಮ ಎಣಿಸುತ್ತಾನೆ. ಆರು ಪಿನ್ನು ಹಿಡಿದು ಹೋದವನು ಎಂಟೊಂಬತ್ತು ಸಲ ಬದಲಾಯಿಸಿದ್ದಾನೆ, ಈಗಲೂ ಆರೇ. "ಜಾಸ್ತಿನೇ ಆಗ್ಲಿಲ್ವಲ್ಲ!" ಲೆಕ್ಕ ಸರಿಯಾಗಿದೆ: ಬದಲಾಯಿಸಿದರೆ ಸಂಖ್ಯೆ ಬೆಳೆಯುವುದಿಲ್ಲ, ಕೊಂಡರೆ ಮಾತ್ರ ಬೆಳೆಯುತ್ತದೆ. ಆದರೆ ಆ ಆರರಲ್ಲಿ ಹೋಗುವಾಗ ಇದ್ದದ್ದು ಒಂದೂ ಇಲ್ಲ.

ಗೋಡೆಗೆ ಕಾರ್ಕ್ ಹಲಗೆ ತನ್ನಿ, ಮೊಳೆಯ ಉದ್ದಕ್ಕಿಂತ ದಪ್ಪದ್ದು, ಅಂದರೆ ಒಂದು ಸೆಂಟಿಮೀಟರಾದರೂ ಇರಲಿ. ತೆಳುವಾದದ್ದರಲ್ಲಿ ಮೊಳೆ ಹಿಂದಿನ ಗೋಡೆಗೆ ತಾಗಿ ಪಿನ್ನು ಓರೆಯಾಗಿ ನಿಲ್ಲುತ್ತದೆ. ಮಂಗಳೂರು, ಉಡುಪಿಯ ಕಡಲ ಗಾಳಿಯಲ್ಲಿ ತೆರೆದ ಹಲಗೆ ಬೇಡ, ಗಾಜಿನ ಮುಚ್ಚಳದ ಚೌಕಟ್ಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಕೊಳೆಯಾದರೆ ಕನ್ನಡಕ ಒರೆಸುವ ಒಣ ಬಟ್ಟೆ ಸಾಕು. ಬೆಳ್ಳಿ ತೊಳೆಯುವ ಪುಡಿ ತಾಗಿಸಿದರೆ ಗಿಲೀಟು ಎದ್ದುಬರುತ್ತದೆ.

ಅಕ್ಕನ ಹಿಡನ್ ಮಿಕ್ಕಿ ಸರಣಿಯಲ್ಲಿ ನಾಲ್ಕು ಸಿಕ್ಕಿವೆ, ಐದನೆಯದು ಇಲ್ಲ. ಅಂತರ್ಜಾಲದಲ್ಲಿ ಹುಡುಕಿ ತರಿಸಿಕೊಡೋಣವೆಂದು ಕೈ ತುರಿಸುತ್ತದೆ. ತರಿಸಬೇಡಿ. ಹಲಗೆಯಲ್ಲಿ ಅಷ್ಟು ಜಾಗ ಖಾಲಿ ಬಿಟ್ಟು, ಅವಳೇ ಪೆನ್ಸಿಲಿನಲ್ಲಿ 5 ಎಂದು ಬರೆದಿಡಲಿ. ಕೊಡುವುದಕ್ಕೆಂದು ಮಿಕ್ಕಿದ ಪಿನ್ನುಗಳು ಬಿರಡೆ ಸಮೇತ ಡಬ್ಬಿಗೆ ಹೋಗಲಿ. ಮುಚ್ಚಳದ ಮೇಲೆ ಒಂದು ಚೀಟಿ: ಅಕ್ಕನವು ಏಳು, ತಮ್ಮನವು ಎರಡು, ಬಿರಡೆ ನಾಲ್ಕು.